‘ಏನೂ ಮಾಡಲಿಲ್ಲ’ ಎಂಬ ಆರನೆಯ ಚೌಕ

ಈ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲ ವಾರದಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ: ‘ಹೊಡೆತ ತಿಂದು ಬಂದ ಹುಡುಗ ಹುಡುಗಿಯರ ಹತ್ತಿರ ಏನು ಮಾತಾಡಬೇಕು, ಮೇಡಂ?’ ಪ್ರಶ್ನೆಯಲ್ಲೇ ದೋಷವಿದೆ. ಮಾತಾಡಬೇಕಾದವರು ನಾವು ಎಂದು ಅದು ಮೊದಲೇ ತೀರ್ಮಾನಿಸಿಬಿಟ್ಟಿದೆ. ನಾನೂ ಹಾಗೇ ತೀರ್ಮಾನಿಸಿಕೊಂಡು ಸೇರಿದವಳು. ಅದರಿಂದಾಗಿ ಒಬ್ಬ ಹುಡುಗಿಯ ಹತ್ತನೆಯ ತರಗತಿಯ ಪರೀಕ್ಷೆ ಕೈತಪ್ಪುವುದರಲ್ಲಿತ್ತು. ನನಗೆ ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದು ನಿಮಗೂ ಬೇಡ, ನನಗೂ ಸರಿಯಾಗಿ ನೆನಪಿಲ್ಲ. ಆ ಹುಡುಗಿಯ ಹೆಸರು ನಾಗಮ್ಮ. ಅವಳ ವಿಷಯ ಹೇಳಿದರೆ ಈ ಕೆಲಸದ ಮುಕ್ಕಾಲು ಪಾಲು ಹೇಳಿದಂತೆ. ಉಳಿದ ಕಾಲು ಪಾಲು ಫಾರ್ಮು ತುಂಬುವುದು.

ಪುಣೆಯ ಸದಾಶಿವ ಪೇಠದ ಒಂದು ವಾಡೆಯ ಎರಡು ಕೋಣೆಗಳಲ್ಲಿ ನಾನು ಬೆಳೆದೆ. ಅಪ್ಪ ವಿಜಾಪುರದ ಕಡೆಯಿಂದ ಬಂದ ಗುಮಾಸ್ತ. ಹೊಸ್ತಿಲ ಒಳಗೆ ಕನ್ನಡ, ಹೊರಗೆ ಮರಾಠಿ. ಎರಡರಲ್ಲೂ ನನ್ನದು ವಾದವೇ. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಗೆದ್ದ ಕಪ್‌ಗಳಲ್ಲಿ ಅವ್ವ ಸಾಸಿವೆ, ಜೀರಿಗೆ ತುಂಬಿಡುತ್ತಿದ್ದಳು. ಪರವೋ ವಿರೋಧವೋ ಎಂದು ಚೀಟಿ ಎತ್ತಿದ ಎರಡು ನಿಮಿಷದಲ್ಲಿ ನನ್ನ ಅಭಿಪ್ರಾಯ ಸಿದ್ಧವಾಗುತ್ತಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಂಥದೊಂದು ಸ್ಪರ್ಧೆಗೆ ದೇಸಾಯಿ ಸರ್ ತೀರ್ಪುಗಾರರಾಗಿ ಬಂದಿದ್ದರು. ಕಾರ್ಮಿಕ ಇಲಾಖೆಯಿಂದ ನಿವೃತ್ತರಾಗಿ, ಯೆರವಡಾದಲ್ಲಿ ಹದಿಹರೆಯದವರಿಗಾಗಿ ಒಂದು ಕೇಂದ್ರ ನಡೆಸುತ್ತಿದ್ದವರು. ನನಗೆ ಎರಡನೆಯ ಬಹುಮಾನ ಕೊಟ್ಟರು. ನಾನು ಜಗಳಕ್ಕೇ ಹೋದೆ.

‘ಯಾಕ್ರಿ ಸರ್? ಅವನ ಐದೂ ಮಾತು ನಾ ಕಡದು ಹಾಕಿಲ್ಲೇನು?’

‘ಹಾಕಿದ್ಯವಾ ವಸುಧಾ. ಆದ್ರ ಅವ ನಾಕನೇದು ಹೇಳೂ ಹೊತ್ತಿಗೆ ನೀ ಐದನೇದಕ್ಕ ಉತ್ತರ ಬರ್ಕೋತ ಕೂತಿದ್ದಿ. ನಾಕನೇದು ಅವ ಏನು ಹೇಳಿದ? ಹೇಳು ನೋಡೋಣ.’

ನನಗೆ ನೆನಪಿರಲಿಲ್ಲ.

‘ನಾಳೆ ಯೆರವಡಾಕ್ಕ ಬಾ. ನಮ್ಮ ಹುಡುಗರ ಹತ್ರ ಕೇಳೂದು ಕಲೀಬಹುದು. ಪಗಾರ ಭಾಳಿಲ್ಲ.’

ಹೋದೆ. ಕೇಳುವುದನ್ನು ಕಲಿಯಲು ಹೋದದ್ದಲ್ಲ, ಅವರ ತೀರ್ಪು ತಪ್ಪೆಂದು ತೋರಿಸಲು ಹೋದದ್ದು. ಇಂಥ ಕಾರಣಕ್ಕೆ ನೌಕರಿ ಹಿಡಿದವರು ನಿಮ್ಮಲ್ಲೂ ಇದ್ದರೆ ನಾಚಿಕೊಳ್ಳಬೇಡಿ. ಕಾರಣ ಆಮೇಲೆ ಬದಲಾಗುತ್ತದೆ.

ಕೇಂದ್ರವೆಂದರೆ ತಗಡಿನ ಮಾಡಿನ ಮೂರು ಕೋಣೆ. ಒಂದರಲ್ಲಿ ಸಂಜೆ ಶಾಲೆ, ಒಂದರಲ್ಲಿ ಹೊಲಿಗೆ ಯಂತ್ರಗಳು, ಮೂರನೆಯದರಲ್ಲಿ ಒಂದು ಮೇಜು, ಅದರ ಈ ಬದಿಗೆ ನಾನು, ಆ ಬದಿಗೆ ಏಟು ತಿಂದು ಬಂದವರು. ಸುತ್ತಲಿನ ವಸಾಹತುಗಳ ಹುಡುಗರು, ಕಟ್ಟಡದ ಕೆಲಸಕ್ಕೆಂದು ಗುಲಬರ್ಗಾ, ಯಾದಗಿರಿ ಕಡೆಯಿಂದ ಬಂದ ಕುಟುಂಬಗಳ ಮಕ್ಕಳು ಬರುತ್ತಿದ್ದರು. ನಮಗೆ ನೆರವು ಕೊಡುತ್ತಿದ್ದ ವಿದೇಶಿ ಸಂಸ್ಥೆಗೆ ಇಂಥವೇ ಕೇಂದ್ರಗಳು ಬ್ರೆಜಿಲ್, ಕೀನ್ಯಾ, ಫಿಲಿಪೀನ್ಸ್‌ಗಳಲ್ಲಿದ್ದವು. ನಾಲ್ಕು ದೇಶಕ್ಕೂ ಒಂದೇ ಫಾರ್ಮು, ಒಂದೇ ಪ್ರಶ್ನೆ: ‘ನಿನ್ನ ಮೇಲೆ ಹಲ್ಲೆಯಾದ ನಂತರ ನೀನು ಏನು ಮಾಡಿದೆ?’ ಕೆಳಗೆ ಆರು ಚೌಕ. ಪೊಲೀಸರಿಗೆ ಹೇಳಿದೆ. ಮನೆಯವರಿಗೆ ಹೇಳಿದೆ. ತಿರುಗಿ ಹೊಡೆದೆ. ಆ ಜಾಗ ಬಿಟ್ಟೆ. ಆಸ್ಪತ್ರೆಗೆ ಹೋದೆ. ಏನೂ ಮಾಡಲಿಲ್ಲ. ಮುಖ್ಯವಾದ ಒಂದಕ್ಕೆ ಮಾತ್ರ ಗುರುತು ಹಾಕಬೇಕು.

ನಮ್ಮಿಂದ ಹೋಗುತ್ತಿದ್ದ ಫಾರ್ಮುಗಳಲ್ಲಿ ಆರನೆಯ ಚೌಕದಲ್ಲೇ ಗುರುತು ಹೆಚ್ಚು. ಪುಣೆಯ ಮಕ್ಕಳು ಯಾಕೆ ಇಷ್ಟು ಸುಮ್ಮನಿರುತ್ತಾರೆ ಎಂದು ಅಲ್ಲಿಂದ ಪತ್ರ ಬರುತ್ತಿತ್ತು. ನಾನು ಯಾವುದನ್ನೂ ಸುಲಭವಾಗಿ ನಂಬದವಳು. ಇದನ್ನು ಮಾತ್ರ ನಂಬಿದೆ. ಸುಮ್ಮನಿರುವವರನ್ನು ಮಾತಿನಿಂದ ಎಬ್ಬಿಸುವುದೇ ನನ್ನ ಕೆಲಸ ಎಂದುಕೊಂಡೆ. ನನಗೆ ಅನುಕೂಲವಾದ ನಂಬಿಕೆ ಅದು.

ಮೊದಲ ಎಚ್ಚರಿಕೆ ಸಂತೋಷ ಎಂಬ ಹುಡುಗನಿಂದ ಬಂತು. ಹದಿನಾರು ವಯಸ್ಸು, ಲಾರಿ ತೊಳೆಯುವ ಕೆಲಸ. ನಾಲ್ವರು ಸೇರಿ ಅವನನ್ನು ನಾಲೆಯ ಪಕ್ಕ ಹೊಡೆದಿದ್ದರು. ‘ಆಮ್ಯಾಲ ನೀ ಏನು ಮಾಡ್ದಿ?’ ಎಂದೆ. ಎದೆ ಉಬ್ಬಿಸಿದ. ‘ಒಬ್ಬೊಬ್ಬನ್ನೂ ಹುಡುಕಿ ಬಾರಿಸಿದೆ, ದೀದಿ.’ ಮೂರನೆಯ ಚೌಕಕ್ಕೆ ಗುರುತು ಹಾಕಿದೆ. ಒಂದು ವಾರವಾದ ಮೇಲೆ ಅವನ ಅಜ್ಜಿ ಬಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ‘ಯಾರನ್ನ ಬಾರಿಸ್ಯಾನವಾ ಇಂವ? ಸಂಡಾಸಕ್ಕ ಹೋಗಬೇಕಾದ್ರೂ ನನ್ನ ಸೆರಗು ಹಿಡ್ಕೊಂಡು ಬರ್ತಾನ!’

ನಾನು ಮೂರನ್ನು ಹೊಡೆದುಹಾಕಿ ಆರಕ್ಕೆ ಗುರುತು ಹಾಕಿದೆ. ನನ್ನ ಪ್ರಾಮಾಣಿಕತೆಯನ್ನು ನಾನೇ ಮೆಚ್ಚಿಕೊಂಡೆ. ಅಜ್ಜಿಯ ಸೆರಗು ಹಿಡಿದುಕೊಂಡು ಹೋಗುವುದು ‘ಏನೂ ಮಾಡದಿರುವುದು’ ಹೇಗಾದೀತು ಎಂದು ಹೊಳೆಯಲೇ ಇಲ್ಲ. ಹೆದರಿದವನು ಒಬ್ಬ ಜೊತೆಗಾತಿಯನ್ನು ಹುಡುಕಿಕೊಂಡಿದ್ದ. ಅವಳಿಗೆ ಎಪ್ಪತ್ತು ದಾಟಿತ್ತು ಅಷ್ಟೇ.

ಕೆಲವು ವರ್ಷಗಳು ಕಳೆದವು. ಪುಣೆಯ ಅಂಚಿನ ವಾಕಡದ ಹೊಲಗಳಲ್ಲಿ ಕಟ್ಟಡಗಳು ಏಳತೊಡಗಿದಾಗ ನಾವು ಅಲ್ಲಿನ ಕೂಲಿಗಳ ಶೆಡ್‌ಗಳ ಪಕ್ಕದಲ್ಲೇ ಒಂದು ಸಂಜೆ ಶಾಲೆ ತೆರೆದೆವು. ಅಲ್ಲಿಯೂ ಒಂದು ಮೇಜು ಹಾಕಿಸಿಕೊಂಡೆ. ಅಲ್ಲಿ ಸಿಕ್ಕವಳು ನಾಗಮ್ಮ.

ಹದಿನೇಳು ವಯಸ್ಸು. ಊರಲ್ಲಿ ಎಂಟನೆಯವರೆಗೆ ಓದಿ ಬಿಟ್ಟಿದ್ದಳು. ಹಗಲು ಘಮೇಲಾ ಸಾಗಿಸುವುದು (ಕಾಂಕ್ರೀಟು ತುಂಬಿಕೊಡುವ ಕಬ್ಬಿಣದ ಬಾಣಲೆಗೆ ಪುಣೆಯ ಹೆಸರು ಅದು), ಸಂಜೆ ನಮ್ಮಲ್ಲಿ ಬೀಜಗಣಿತ. ಶಾಲೆಗೆ ಹೋಗದವರು ಖಾಸಗಿಯಾಗಿ ಹತ್ತನೆಯ ಪರೀಕ್ಷೆಗೆ ಕೂರಲು ಹದಿನೇಳನೇ ನಂಬರಿನ ಫಾರ್ಮು ಎಂದಿತ್ತು. ಅದನ್ನು ತುಂಬಿಸಿದ್ದೆ. ‘ವಯಸ್ಸೂ ಹದಿನೇಳು, ಫಾರ್ಮೂ ಹದಿನೇಳು. ಇನ್ನ ಮಾರ್ಕ್ಸ್ ಹದಿನೇಳು ಬರದಿದ್ರ ಸಾಕು ನೋಡ್ರಿ ಅಕ್ಕೋರೆ’ ಎಂದು ತಾನೇ ನಗುತ್ತಿದ್ದಳು. ಹಾಲ್ ಟಿಕೆಟ್ ಬಂದು ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಪರೀಕ್ಷೆಗೆ ಮೂರು ವಾರ.

ಒಂದು ಮಂಗಳವಾರ ಸಂಜೆ ಹುಬ್ಬಿನ ಮೇಲೆ ಮೂರು ಹೊಲಿಗೆ ಹಾಕಿಸಿಕೊಂಡು ಬಂದಳು.

‘ಯಾರು?’

‘ಮಲ್ಲೇಶಿ.’ ಮಿಕ್ಸರ್ ನಡೆಸುವವನು. ಊರಿನಿಂದ ಆ ಇಡೀ ಟೋಳಿಯನ್ನು ಕರೆತಂದು ಕೆಲಸಕ್ಕೆ ಹಚ್ಚಿದ ಮುಕಾದಮ ಸಾಬಣ್ಣನ ಹೆಂಡತಿಯ ತಮ್ಮ.

‘ಯಾಕ?’

‘ನಿನ್ನೆ ಕೈ ಹಿಡದ. ಬಿಡು ಅಂದೆ. ಬಿಡ್ಲಿಲ್ಲ. ಬೈದೆ. ಸಲಿಕಿ ಕಾವಿಲೆ ಹೊಡದ.’

‘ಆಮ್ಯಾಲ ನೀ ಏನು ಮಾಡ್ದಿ?’

‘ಏನೂ ಇಲ್ರೀ.’

ಹೊಲಿಗೆ ಕಣ್ಣೆದುರೇ ಇದ್ದರೂ ಆರನೆಯ ಚೌಕಕ್ಕೆ ಗುರುತು ಹಾಕಿದೆ. ಪೆನ್ನು ಕೆಳಗಿಟ್ಟು, ಬಾ ಪೊಲೀಸ್ ಠಾಣೆಗೆ ಹೋಗೋಣ ಎಂದೆ. ಅವಳು ಬೇಡವೆಂದಳು. ಅವಳ ಅಪ್ಪ ಹಣಮಂತ ಆ ವಾರ ಬೇರೆ ಸೈಟಿನಲ್ಲಿ ಸಳಿ (ಸ್ಲ್ಯಾಬಿನ ಕಬ್ಬಿಣದ ಸರಳು) ಕಟ್ಟುತ್ತಿದ್ದ. ಪರಾಂಚಿಯಿಂದ, ಅಂದರೆ ಕಟ್ಟಡದ ಸುತ್ತ ಕಟ್ಟುವ ಅಟ್ಟಣಿಗೆಯಿಂದ ಬಿದ್ದೆ ಎಂದು ಅವನಿಗೆ ಹೇಳಿದ್ದಳು. ‘ಖರೇ ಗೊತ್ತಾದ್ರ ಅಪ್ಪ ಊರಿಗೆ ಕಳಿಸ್ತಾನ್ರಿ. ಅಲ್ಲೊಂದು ಸಂಬಂಧ ನೋಡಿಟ್ಟಾರ. ಹೋದ್ರ ಮುಗೀತು. ಪರೀಕ್ಷಾ ಒಂದು ಆಗ್ಲಿ.’

ಇಷ್ಟು ಸ್ಪಷ್ಟವಾಗಿ ಯಾರಾದರೂ ಹೇಳಿಯಾರೆ? ನಾನು ಕೇಳಿಸಿಕೊಳ್ಳಲಿಲ್ಲ, ಖಂಡಿಸಿದೆ. ಇವತ್ತು ಬಿಟ್ಟರೆ ಅವನು ನಾಳೆ ಇನ್ನೊಬ್ಬಳಿಗೆ ಹೊಡೆಯುತ್ತಾನೆ, ಆಗ ಆ ಪಾಪ ಯಾರದು? ಅಪ್ಪ ಸಿಟ್ಟಾಗುತ್ತಾನೆ ಎಂಬುದು ನಿನ್ನ ಊಹೆ, ಆಗುವುದಿಲ್ಲ ಎಂಬುದಕ್ಕೂ ಅಷ್ಟೇ ಅವಕಾಶವಿದೆ. ಹಕ್ಕಿಗೂ ಪರೀಕ್ಷೆಗೂ ಎಂಥ ಹೋಲಿಕೆ? ಒಂದಾದ ಮೇಲೊಂದು ಐದು ಮಾತು. ಅವಳು ಹುಬ್ಬು ಮುಟ್ಟಿಕೊಳ್ಳುತ್ತ ಕೂತಿದ್ದಳು. ಕೊನೆಗೆ ‘ಹೂನ್ರೀ’ ಎಂದಳು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ. ಅದು ದಣಿವು.

ಠಾಣೆಯಲ್ಲಿ ಕೆಟ್ಟದ್ದೇನೂ ಆಗಲಿಲ್ಲ. ಆಗಿದ್ದರೆ ತಪ್ಪನ್ನು ಅವರ ಮೇಲೆ ಹಾಕಬಹುದಿತ್ತು. ವಯಸ್ಸಾದ ಹವಾಲ್ದಾರರು ಕೂರಲು ಹೇಳಿ ನೀರು ತರಿಸಿದರು, ಅವಳು ಹೇಳಿದ್ದನ್ನೆಲ್ಲ ನಿಧಾನವಾಗಿ ಬರೆದುಕೊಂಡರು. ವಯಸ್ಸು ಕೇಳಿ ತಲೆ ಎತ್ತಿದರು. ‘ಸತ್ರಾ? ಮಗ ವಡಿಲಾಂನಾ ಬೋಲವಾವಂ ಲಾಗೇಲ.’ ಹದಿನೇಳಾದರೆ ತಂದೆಯನ್ನು ಕರೆಸಲೇಬೇಕು. ಕಾಯಿದೆಯನ್ನು ಬಾಯಿಪಾಠ ಮಾಡಿದ್ದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ವಾದದ ಭರದಲ್ಲಿ ಮರೆತಿದ್ದೆ.

ಹಣಮಂತ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಮಗಳ ಹೊಲಿಗೆ ನೋಡಿದ, ಓದಿ ಹೇಳಿದ್ದನ್ನು ಕೇಳಿದ, ಹೆಬ್ಬೆಟ್ಟು ಒತ್ತಿದ. ಕೂಗಾಡಲಿಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತ, ‘ನಾಗಿ, ರವಿವಾರ ಊರಿಗೆ ಹೋಗೂದು. ಅವ್ವಗ ಹೇಳು, ಬುತ್ತಿ ಕಟ್ಟಲಿ’ ಎಂದ.

‘ಹಣಮಂತಣ್ಣ, ಒಂದು ನಿಮಿಷ. ಇದರಾಗ ಮೂರು ವಿಷಯ ಅವ, ನೋಡ್ರಿ...’

‘ಮೂರು ಇರ್ತಾವ್ರಿ. ಮುನ್ನೂರೂ ಇರ್ತಾವ. ನೀವು ಮಾತ್ನಾಗ ಗೆಲ್ತೀರಿ, ಅಕ್ಕೋರೆ. ಅದಕ್ಕ ನಾ ಮಾತಾಡಂಗಿಲ್ಲ.’

ನಾಗಮ್ಮ ನನ್ನ ಕಡೆ ನೋಡಲಿಲ್ಲ. ಹತ್ತು ಹೆಜ್ಜೆ ಹೋದವಳು ತಿರುಗಿ, ‘ಹಾಲ್ ಟಿಕೆಟ್ ನಿಮ್ಮ ಹತ್ರಾನ ಇರ್ಲಿರಿ’ ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ದೇಸಾಯಿ ಸರ್ ಎದುರು ನನ್ನ ಐದು ಮಾತುಗಳನ್ನೂ ಒಪ್ಪಿಸಿದೆ. ತಪ್ಪೆಲ್ಲಿದೆ ಹೇಳಿ ಎಂದೆ. ಅವರು ಕನ್ನಡಕ ಒರೆಸುತ್ತ ಕೇಳಿದರು: ‘ನಿನ್ನ ಐದು ಬಿಡವಾ. ಅಕಿದು ನಾಕನೇದು ಏನಿತ್ತು?’ ಅವಳು ಹೇಳಿದ್ದನ್ನು ಒಂದೊಂದಾಗಿ ಬೆರಳು ಮಡಿಚಿ ಎಣಿಸಿದೆ. ‘ಪರೀಕ್ಷಾ ಒಂದು ಆಗ್ಲಿ ಅಂದ್ಳು’ ಎಂದೆ. ‘ಹಾಂ. ಈ ಸಲ ನೆನಪಿಟ್ಟಿ. ಈಗ ವಾಕಡಕ್ಕ ಹೋಗು. ಬಾಯಿ ಇಲ್ಲೇ ಇಟ್ಟು ಹೋಗು.’

ಹೋಗಲು ಮುಖವಿಲ್ಲದೆ ಎರಡು ದಿನ ತಡೆದು, ಶನಿವಾರ ಬೆಳಿಗ್ಗೆ ಹೋದೆ. ಅಂದು ಎರಡನೆಯ ಮಹಡಿಯ ಸ್ಲ್ಯಾಬ್ ಹಾಕುವ ದಿನ. ಯಂತ್ರಗಳೇ ಎಲ್ಲ ಮಾಡುವ ಈ ಕಾಲದವರಿಗೆ ಅದನ್ನು ವಿವರಿಸಬೇಕು. ಕೆಳಗೆ ಮಿಕ್ಸರ್. ಅಲ್ಲಿಂದ ಪರಾಂಚಿಯ ಹಲಗೆಗಳ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹೆಂಗಸರು ನಿಲ್ಲುತ್ತಾರೆ. ತುಂಬಿದ ಘಮೇಲಾ ಕೈಯಿಂದ ಕೈಗೆ ಮೇಲೇರುತ್ತದೆ, ಖಾಲಿಯಾದದ್ದು ಇನ್ನೊಂದು ಬದಿಯಿಂದ ಇಳಿಯುತ್ತದೆ. ಶುರುವಾದರೆ ಮುಗಿಯುವ ತನಕ ನಿಲ್ಲಿಸುವಂತಿಲ್ಲ; ನಿಂತರೆ ಸ್ಲ್ಯಾಬಿನಲ್ಲಿ ಕೂಡುಗೆರೆ ಬೀಳುತ್ತದೆ, ಮುಂದೆ ಅಲ್ಲೇ ಸೋರುತ್ತದೆ. ಯಾರ ಪಕ್ಕ ಯಾರು ನಿಲ್ಲಬೇಕು ಎಂಬುದನ್ನು ಮುಕಾದಮನೂ ಹೇಳುವುದಿಲ್ಲ, ಎಂಜಿನಿಯರೂ ಹೇಳುವುದಿಲ್ಲ. ಎತ್ತರ, ಕೈಯ ಬಲ, ಒಬ್ಬರ ಮೇಲೊಬ್ಬರಿಗಿರುವ ನಂಬಿಕೆ ನೋಡಿ ಹೆಂಗಸರೇ ಹೊಂದಿಸಿಕೊಳ್ಳುತ್ತಾರೆ. ಸಾಲು ಅವರದು.

ಆ ಸಾಲಿನ ಹಿರಿಯಳು ಭೀಮವ್ವ. ಎಲ್ಲರೂ ಒಂದೇ ಊರಿನವರು, ಅರ್ಧ ಜನಕ್ಕೆ ಅವಳೇ ಸೂಲಗಿತ್ತಿ. ಎಲೆಗೆ ಸುಣ್ಣ ಸವರುತ್ತ ಕೂತಿದ್ದವಳು ನನ್ನನ್ನು ನೋಡಿ, ‘ಬರ್ರಿ ವಕೀಲ್ರ’ ಎಂದಳು. ಸುತ್ತಲಿದ್ದವರು ನಕ್ಕರು.

‘ಒಂದು ಮಾತು ಕೇಳ್ತೀನಿ. ನೀವು ನಾಗಿನ್ನ ಕೇಳಿದ್ರಿ, ನೀ ಏನು ಮಾಡ್ದಿ ಅಂತ. ಅಕಿ ಏನೂ ಇಲ್ಲ ಅಂದ್ಳು. ಖರೇನ ಹೇಳ್ಯಾಳ. ಅಕಿ ಏನೂ ಮಾಡಿಲ್ಲ. ಮಾಡಿದವ್ರ ನಾವು. ನಮ್ಮನ್ನ ಕೇಳಿದ್ರೇನು?’

ಬಾಯಿ ಯೆರವಡಾದಲ್ಲೇ ಬಿಟ್ಟು ಬಂದಿದ್ದೆ. ಇಲ್ಲವೆಂದು ತಲೆಯಾಡಿಸಿದೆ.

ಅವಳು ಹೇಳಿದಳು. ಮೊದಲು ಸಾಲಿನ ಬುಡದಲ್ಲಿ ನಾಗಮ್ಮ ನಿಲ್ಲುತ್ತಿದ್ದಳು. ಮಲ್ಲೇಶಿಯ ಕೈಯಿಂದ ಘಮೇಲಾ ಇಸಿದುಕೊಳ್ಳುವವಳು ಅವಳೇ. ಹೊಡೆದ ಮರುಬೆಳಿಗ್ಗೆ ಭೀಮವ್ವ ತಾನು ಬುಡಕ್ಕೆ ನಿಂತು ನಾಗಮ್ಮನನ್ನು ನಾಲ್ಕನೆಯ ಜಾಗಕ್ಕೆ ಏರಿಸಿದ್ದಳು, ಆಚೆ ಈಚೆ ಇಬ್ಬರು ಗಟ್ಟಿಗಿತ್ತಿಯರನ್ನು ಇಟ್ಟು. ಆ ದಿನದಿಂದ ಸಾಲಿನ ಒಬ್ಬಳೂ ಮಲ್ಲೇಶಿಯ ಜೊತೆ ಮಾತಾಡಿರಲಿಲ್ಲ. ನೀರು ಕೇಳಿದರೆ ಕೊಡದಿರಲಿಲ್ಲ. ಕೊಟ್ಟು ಬೇರೆ ಕಡೆ ನೋಡುತ್ತಿದ್ದರು. ಹಾಡಿಲ್ಲದೆ, ಬೈಗುಳವಿಲ್ಲದೆ, ನಗೆಯಿಲ್ಲದೆ ಘಮೇಲಾ ಏರುತ್ತಿತ್ತು. ‘ಇನ್ನೊಂದ್ ವಾರ ಹಿಂಗ ನಡದಿದ್ರ ಅವ ತಾನ ಕಾಲ್ಕಿತ್ತು ಹೋಗ್ತಿದ್ದ. ಅಷ್ಟರಾಗ ನೀವು ಹಣಮಂತನ ಮುಂದ ಓದಿಸಿದ್ರಿ.’

ಆರನೆಯ ಚೌಕದ ಒಳಗೆ ಇಷ್ಟೆಲ್ಲ ನಡೆದಿತ್ತು.

ಅಷ್ಟರಲ್ಲಿ ಕೆಳಗೆ ಮಿಕ್ಸರ್ ತಿರುಗತೊಡಗಿತು. ಹೆಂಗಸರು ಏಳಲಿಲ್ಲ. ಮುಕಾದಮ ಸಾಬಣ್ಣ ಓಡಿ ಬಂದ.

‘ಯಾಕ ಕೂತೀರಿ? ಮಿಕ್ಸರ್ ತಿರಗಲಿಕ್ಕತ್ತದ!’

‘ತಿರಗಲಿ. ಅದಕ್ಕೇನು ಕಾಲದಾವೇನು, ಎಲ್ಲರ ಹೋಗಲಿಕ್ಕೆ?’ ಎಂದಳು ಭೀಮವ್ವ.

‘ಸಾಲು ಕಟ್ರಿ ಭೀಮಕ್ಕ. ಸಾಹೇಬ್ರು ಬರೂ ಹೊತ್ತಾತು.’

‘ನಾಕನೇ ಜಾಗ ಖಾಲಿ ಬೀಳ್ತದಲ್ಲಪಾ. ನಾಗಿ ನಾಳೆ ಊರಿಗೆ ಹೊಂಟಾಳಂತ. ಹೊಂಟಾಕಿನ್ನ ಹ್ಯಾಂಗ ನಿಂದ್ರಸೂದು?’

‘ಬ್ಯಾರೆ ಯಾರನ್ನರ ನಿಂದ್ರಸು.’

‘ನಿನ್ನ ಹೆಂಡ್ತಿನ್ನ ಕರಿ. ಅಕಿ ತಮ್ಮನ ಕೈಲೆ ಅಕೀನ ಇಸ್ಕೊಳ್ಳಿ.’

ಸಾಲಿನವರು ಗೊಳ್ಳೆಂದು ನಕ್ಕರು. ಸಾಬಣ್ಣ ನಗಲಿಲ್ಲ. ಮಿಕ್ಸರಿನ ಪಕ್ಕ ಮಲ್ಲೇಶಿ ಸಲಿಕೆ ಹಿಡಿದು ನೆಲ ನೋಡುತ್ತಿದ್ದ.

‘ಏನಾಗಬೇಕು ಹೇಳು’ ಎಂದ ಸಾಬಣ್ಣ, ದನಿ ಇಳಿಸಿ.

‘ಅವ ಈ ಸೈಟಿನ್ಯಾಗ ಇರಬಾರ್ದು. ಇಕಿ ಪರೀಕ್ಷಾ ಬರಿಯೋತನಕ ಇಲ್ಲೇ ಇರಬೇಕು. ಎರಡೂ ನಿನ್ನ ಕೈಯಾಗ ಅದಾವ.’

‘ಮತ್ತ ಆ ಪೊಲೀಸ್ ಕಾಗದ?’ ಎಂದು ಸಾಬಣ್ಣ ನನ್ನನ್ನು ನೋಡಿದ.

ನಾನು ಬಾಯಿ ತೆರೆಯುವ ಮುಂಚೆ ಭೀಮವ್ವ, ‘ಅದು ಅಕ್ಕೋರ್ದು. ಇದು ನಮ್ದು. ಅದೂ ಇರ್ಲಿ, ಇದೂ ಇರ್ಲಿ’ ಎಂದಳು. ನನ್ನ ಪ್ರಮಾದವನ್ನು ಅವಳು ಅಲ್ಲಿಯೇ ಎತ್ತಿಕೊಂಡು ಕೆಲಸಕ್ಕೆ ಬಳಸಿಬಿಟ್ಟಳು. ಕಾಗದವೊಂದೇ ಇದ್ದರೆ ನಾಗಮ್ಮ ಊರಿಗೆ. ಸಾಲೊಂದೇ ಇದ್ದರೆ ಸಾಬಣ್ಣ ಇನ್ನಷ್ಟು ಹೊತ್ತು ಹಟ ಹಿಡಿಯುತ್ತಿದ್ದನೇನೋ. ಎರಡೂ ಇದ್ದುದರಿಂದ ಅವನು ಮಿಕ್ಸರಿನ ಹತ್ತಿರ ಹೋಗಿ ಭಾವಮೈದುನನ ಕೈಯಿಂದ ಸಲಿಕೆ ಕಿತ್ತುಕೊಂಡ. ಮಲ್ಲೇಶಿ ಟವೆಲ್ಲು ಹೆಗಲಿಗೆ ಹಾಕಿ ಗೇಟಿನ ಕಡೆ ನಡೆದ.

ಉಳಿದದ್ದು ಹಣಮಂತ. ಸ್ಲ್ಯಾಬಿಗೆಂದು ಅವನೂ ಅಂದು ಇದೇ ಸೈಟಿಗೆ ಬಂದು ಮೇಲೆ ಸಳಿ ಕಟ್ಟುತ್ತಿದ್ದ. ಎಲ್ಲ ಕೇಳಿಸಿತ್ತು. ಕೆಳಗೆ ಬಗ್ಗಿ, ‘ಭೀಮಕ್ಕ, ನನ್ನ ಮಗಳ ವಿಷಯ ನನಗ ಬಿಡು. ಮಂದಿ ಏನಂತಾರ?’ ಎಂದ.

ಭೀಮವ್ವ ಎದ್ದು ನಿಂತು, ಹಣೆಯ ಮೇಲೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು.

‘ಮಂದಿ ಅಂದ್ರ ಯಾರೋ ಹಣಮಂತ? ನಿನ್ನ ಮದುವ್ಯಾಗ ಉಂಡವ್ರು ನಾವು. ಇಕಿನ್ನ ಹೊಟ್ಟಿಂದ ತಗದಾಕಿ ನಾನು. ನಾವ ಮಂದಿ. ನಾವೇನೂ ಅನ್ನಂಗಿಲ್ಲ.’

ಚರ್ಚೆಗಳಲ್ಲಿ ನಾನು ಎಷ್ಟೋ ತೀಕ್ಷ್ಣವಾದ ಮಾತು ಕೇಳಿದ್ದೇನೆ. ಎದುರಾಳಿಯ ಕಾಲ ಕೆಳಗಿನ ನೆಲವನ್ನೇ ಎಳೆದುಕೊಂಡು, ಅವನನ್ನು ಬೀಳಿಸದೆ ನಿಲ್ಲಿಸಿದ ಮಾತು ಅದೊಂದೇ. ಹಣಮಂತ ಬಹಳ ಹೊತ್ತು ಕೈಯಲ್ಲಿದ್ದ ತಂತಿಯನ್ನು ತಿರುಚಿದ. ಆಮೇಲೆ ಬೆನ್ನು ತಿರುಗಿಸಿ, ‘ಪರೀಕ್ಷಾ ಮುಗಿಯೋತನಕ’ ಎಂದ.

ಸಾಲು ಎದ್ದಿತು. ನಾಗಮ್ಮ ಶೆಡ್ಡಿನಿಂದ ಬಂದು ನಾಲ್ಕನೆಯ ಜಾಗಕ್ಕೆ ಏರಿದಳು. ‘ನೀವೂ ನಿಂದ್ರಿ ವಕೀಲ್ರ’ ಎಂದು ಭೀಮವ್ವ ನನ್ನನ್ನು ಖಾಲಿ ಘಮೇಲಾ ಇಳಿಯುವ ಬದಿಯ ಕಟ್ಟಕಡೆಗೆ ನಿಲ್ಲಿಸಿದಳು. ಖಾಲಿಯವೇ. ಆದರೂ ಒಂದು ಗಂಟೆಯಲ್ಲಿ ಎರಡನ್ನು ಕಾಲ ಮೇಲೆ ಹಾಕಿಕೊಂಡೆ. ಯಾರೋ ಹಾಡು ಶುರು ಮಾಡಿದರು, ನನ್ನ ಮೇಲೆ ಕಟ್ಟಿದ ಹಾಡು. ಅದರ ಸಾಲುಗಳನ್ನು ಇಲ್ಲಿ ಬರೆಯುವುದಿಲ್ಲ.

ಈಗ ನನ್ನಂಥ ಒಬ್ಬ ಸಂಶಯಗಾರ ಎದ್ದು ಕೇಳಬೇಕು: ಇದು ನ್ಯಾಯವೇ? ಅಲ್ಲ. ಮಲ್ಲೇಶಿ ಇನ್ನೊಂದು ಸೈಟಿಗೆ ಹೋದ. ಹವಾಲ್ದಾರರು ಅವನನ್ನು ಕರೆಸಿ ಎಚ್ಚರಿಕೆ ಕೊಟ್ಟು ಸಹಿ ಮಾಡಿಸಿಕೊಂಡರು, ಅಷ್ಟೇ. ‘ಅಲ್ಲಿ ಮತ್ತ ಹೊಡದ್ರ?’ ಎಂದು ನಾನು ಭೀಮವ್ವನನ್ನು ಕೇಳಿದೆ. ‘ಅವ ಅಲ್ಲಿ ಮುಟ್ಟೂಕಿಂತ ಮೊದಲ ಸುದ್ದಿ ಮುಟ್ಟ್ಯದ್ರಿ. ಅಲ್ಲೂ ಸಾಲದ’ ಎಂದಳು. ಅದು ಉತ್ತರವಾದರೂ ಪೂರ್ತಿ ಉತ್ತರವಲ್ಲ. ಕೂಲಿ ಹೆಂಗಸರ ಸಾಲನ್ನು ಹೊಗಳಿ ಕಾಯಿದೆಯನ್ನು ಮನೆಗೆ ಕಳಿಸುವವರು ನನ್ನ ಹೆಸರು ಬಳಸಬೇಡಿ. ನಾನು ಹೇಳುವುದು ಇಷ್ಟು: ದೂರು ಬೇಡವೆಂದಲ್ಲ, ದೂರಿಗೆ ಮುಂಚೆ ಅಲ್ಲಿ ಏನು ನಡೆಯುತ್ತಿದೆ ಎಂದು ಕೇಳಿ.

ನಾಗಮ್ಮ ಪರೀಕ್ಷೆ ಬರೆದಳು. ಬೀಜಗಣಿತದಲ್ಲಿ ಹದಿನೇಳಲ್ಲ, ಹತ್ತೊಂಬತ್ತು ಬಂತು, ಫೇಲು. ಉಳಿದದ್ದೆಲ್ಲ ಪಾಸು. ಅಂಕಪಟ್ಟಿಯನ್ನು ಹಣಮಂತ ತಲೆಕೆಳಗಾಗಿ ಹಿಡಿದು ನೋಡಿ, ‘ಒಂದ ಹೋಗ್ಯದೇನು? ಒಂದಕ್ಕಾಗಿ ಊರಿಗೆ ಯಾಕ? ಅದನ್ನೂ ತಗಸ್ರಿ’ ಎಂದ. ಅಕ್ಟೋಬರಿನಲ್ಲಿ ಅದೂ ಆಯಿತು.

ಫಾರ್ಮಿನ ಜಗಳ ಬಾಕಿ ಇತ್ತು. ಆರನೆಯ ಚೌಕದ ಗುರುತನ್ನು ಹೊಡೆದು, ಅಂಚಿನಲ್ಲಿ ‘ಸಾಲು ಬದಲಿಸಿದರು’ ಎಂದು ಬರೆದೆ. ‘ಚೌಕದ ಹೊರಗ ಬರದ್ರ ಅವ್ರು ಓದಂಗಿಲ್ಲವಾ’ ಎಂದರು ದೇಸಾಯಿ ಸರ್. ‘ಹಂಗಂತ ನಾ ಬರೆಯೂದನ್ನ ಬಿಡಂಗಿಲ್ರೀ’ ಎಂದೆ. ಅವರು ನಕ್ಕು, ಬೇರೆ ಹಾಳೆಯಲ್ಲಿ ಪೂರ್ತಿ ಬರೆಸಿ ಫಾರ್ಮಿಗೆ ಪಿನ್ನು ಹೊಡೆದು ಕಳಿಸಿದರು.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ನಾಲ್ಕು ದೇಶದ ಕೇಂದ್ರದವರು ಪುಣೆಯಲ್ಲಿ ಕೂಡಿದೆವು. ನಾನು ನಾಗಮ್ಮನ ಸಾಲಿನ ವಿಷಯ ಹೇಳಿದೆ. ಬ್ರೆಜಿಲ್‌ನಿಂದ ಬಂದಿದ್ದ ಮಾರ್ಸಿಯಾ ಹಣೆ ಚಚ್ಚಿಕೊಂಡಳು. ಅವಳ ಕೇಂದ್ರದ ಒಬ್ಬ ಹುಡುಗನಿಗೆ ಬಸ್ಸಿನಲ್ಲಿ ಚೂರಿ ತಾಕಿತ್ತು. ಅವನೂ ಆರನೆಯ ಚೌಕದವನೇ. ಅವನ ಗೆಳೆಯರೆಲ್ಲ ಅವನಿಗಾಗಿ ಒಂದು ಗಂಟೆ ಮೊದಲಿನ ಬಸ್ಸು ಹಿಡಿಯುತ್ತಿದ್ದುದು ಅವಳಿಗೆ ಆಮೇಲೆ ಗೊತ್ತಾಗಿತ್ತಂತೆ. ಬರೆಯಲು ಜಾಗವಿಲ್ಲವೆಂದು ಬಿಟ್ಟಿದ್ದಳು. ನಾವಿಬ್ಬರೂ ಹಿಗ್ಗುತ್ತಿರುವಾಗ ಕೀನ್ಯಾದ ಒಟಿಯೆನೊ ಕೈಯೆತ್ತಿದ.

‘ಇಷ್ಟು ಸಂಭ್ರಮ ಬೇಡ. ನಮ್ಮಲ್ಲಿ ಏಟು ತಿಂದ ಹುಡುಗನ ಪಕ್ಕಕ್ಕೆ ಎಲ್ಲರಿಗಿಂತ ಮೊದಲು ಬಂದು ನಿಲ್ಲುವವರು ಗ್ಯಾಂಗಿನವರು. ಅದೂ ಒಂದು ಸಾಲೇ. ಪಕ್ಕದಲ್ಲಿ ಯಾರಿದ್ದಾರೆ ಎಂದು ಕೇಳದೆ ಸಾಲನ್ನು ಹೊಗಳಿ ಏನು ಪ್ರಯೋಜನ?’

ನನ್ನ ನಾಲಗೆಯ ತುದಿಗೆ ಮೂರು ಉತ್ತರಗಳು ಬಂದವು. ಅವನ ಮಾತನ್ನು ಮೊದಲು ಬರೆದುಕೊಂಡೆ. ಬರೆದು ಮುಗಿಸುವಷ್ಟರಲ್ಲಿ ಆ ಮೂರೂ ಕೆಲಸಕ್ಕೆ ಬಾರದವೆಂದು ಗೊತ್ತಾಗಿತ್ತು.

ಆಮೇಲೆ ಪತ್ರಗಳು ಹೋದವು, ಬಂದವು. ಫಾರ್ಮು ಬದಲಾಯಿತು. ಆರನೆಯ ಚೌಕದ ಜಾಗದಲ್ಲಿ ಖಾಲಿ ಗೆರೆಗಳು ಬಂದವು. ಅದರ ಮೇಲೆ ಹೊಸ ಪ್ರಶ್ನೆ: ‘ಈಗ ನಿನ್ನ ಪಕ್ಕದಲ್ಲಿ ಯಾರಿದ್ದಾರೆ?’ ಕೇಳುವುದು ಕಷ್ಟ, ತುಂಬುವುದು ಇನ್ನೂ ಕಷ್ಟ, ಕೂಡಿಸಿ ಲೆಕ್ಕ ಹಾಕುವುದಂತೂ ಆಗದ ಮಾತು. ಆದರೆ ನಾಲ್ಕೂ ದೇಶದಿಂದ ಬಂದ ಹಾಳೆಗಳಲ್ಲಿ ಸುಮ್ಮನೆ ಕೂತ ಮಕ್ಕಳು ಕಾಣಿಸುವುದು ನಿಂತುಹೋಯಿತು. ಅಕ್ಕಪಕ್ಕ ಕಾಣಿಸತೊಡಗಿತು.

ನಾಗಮ್ಮ ಹನ್ನೆರಡನೆಯದನ್ನೂ ಮುಗಿಸಿ ನಮ್ಮ ಸಂಜೆ ಶಾಲೆಗೇ ಕಲಿಸಲು ಬಂದಳು. ಎರಡು ಸಾವಿರದ ಆ ದಶಕ ಮುಗಿಯುವ ಹೊತ್ತಿಗೆ ವಾಕಡದ ನನ್ನ ಕೋಣೆಯನ್ನು ಅವಳಿಗೆ ಒಪ್ಪಿಸಿ ನಾನು ಯೆರವಡಾಕ್ಕೆ ಮರಳಬೇಕಾಯಿತು. ಬೀಗದ ಕೈ ಕೊಡಲು ಹೋದವಳು ಎಂದಿನಂತೆ ವಾದಕ್ಕೆ ನಿಂತೆ.

‘ನಾಗಮ್ಮ, ಈ ಹೊಸ ಪ್ರಶ್ನೆದಾಗೂ ದೋಷ ಅದ, ನೋಡು. ಪಕ್ಕಕ್ಕ ಯಾರರ ಇರ್ತಾರ ಅಂತ ಮೊದಲ ಹಿಡ್ಕೊಂಡಂಗಾತು. ಯಾರೂ ಇಲ್ಲದಾಕಿ ಏನು ಹೇಳಬೇಕು?’

‘ಯಾರೂ ಇಲ್ರೀ ಅಂತ ಹೇಳ್ತಾಳ.’

‘ಆಗ ನೀ ಏನು ಬರೀತಿ?’

‘ಬರೆಯೂದು ಆಮ್ಯಾಲ್ರಿ’ ಎಂದಳು. ಹುಬ್ಬಿನ ಮೇಲಿನ ಗೆರೆಯನ್ನು ಒಮ್ಮೆ ಮುಟ್ಟಿಕೊಂಡಳು. ‘ಮೊದಲ ಆ ಕಡೆ ಹೋಗಿ ಅಕಿ ಪಕ್ಕಕ್ಕ ಕೂಡ್ತೀನಿ.’

ಆಗ ಮೇಜಿನ ಕಡೆ ನೋಡಿದೆ. ಆ ಬದಿಗೆ ಎರಡು ಕುರ್ಚಿಗಳಿದ್ದವು, ಒಂದರ ಪಕ್ಕ ಒಂದು. ಈ ಬದಿಗೆ ಒಂದೂ ಇರಲಿಲ್ಲ. ಅಷ್ಟು ಹೊತ್ತೂ ನಾನು ನಿಂತುಕೊಂಡೇ ವಾದ ಮಾಡುತ್ತಿದ್ದೆ.